ಶ್ರದ್ಧೆ ಮೊದಲು, ಆನಂದ ಅನಂತರ: ಸಿದ್ಧರಾಮ ಚರಿತೆಯೂ ಮಲೆನಾಡಿನ ಮನಸ್ಸೂ

ವಚನಗಳನ್ನು ಮನಃಶಾಂತಿಯ ಸಾಧನಗಳೆಂದು ಓದುವ ಪರಿಪಾಠವು ಈಚಿನ ದಶಕಗಳಲ್ಲಿ ನಾಡಿನ ಎಲ್ಲೆಡೆ ಬೆಳೆದುಬಂದಿದೆ. ಶ್ರಾವಣದ ಪ್ರವಚನಗಳಲ್ಲಿ, ಶಿವಾನುಭವ ಗೋಷ್ಠಿಗಳಲ್ಲಿ, ದಿನದರ್ಶಿಕೆಯ ಹಾಳೆಗಳಲ್ಲಿ, ಬೆಳಗಾಗುತ್ತಲೇ ಮೊಬೈಲ್ ಫೋನಿಗೆ ಬಂದು ಬೀಳುವ ಸಂದೇಶಗಳಲ್ಲಿ ಶರಣರ ಮಾತು ಒಂದು ಬಗೆಯ ಔಷಧವಾಗಿ ಬಳಕೆಯಾಗುತ್ತಿದೆ. ನಿನ್ನ ನಂಬಿಕೆಯನ್ನು ತಿದ್ದಿಕೊ, ಬಾಳಿಗೊಂದು ಗುರಿಯನ್ನು ಆರಿಸಿಕೊ, ಮನಸ್ಸು ತಾನಾಗಿಯೇ ನೆಮ್ಮದಿ ಪಡೆಯುತ್ತದೆ ಎಂಬುದು ಆ ಉಪದೇಶಗಳ ಸಾರಾಂಶ. ಇದರಲ್ಲಿ ಸತ್ಯಾಂಶವೇ ಇಲ್ಲವೆಂದು ಹೇಳುವಂತಿಲ್ಲ. ಆದರೆ ನೆಮ್ಮದಿಯನ್ನು ಪಡೆಯುವ ಸಲುವಾಗಿಯೇ ನಂಬಿಕೆಯನ್ನು ರೂಪಿಸಿಕೊಳ್ಳಬಹುದೆ, ಗುರಿಯನ್ನು ಆರಿಸಿಕೊಂಡ ಮಾತ್ರಕ್ಕೆ ಮನಸ್ಸು ನೆಲೆಗೊಳ್ಳುವುದೆ ಎಂಬ ಪ್ರಶ್ನೆಗಳಿಗೆ ಶರಣಸಾಹಿತ್ಯವು ಕೊಡುವ ಉತ್ತರ ಅಷ್ಟು ಸುಲಭವಾದುದಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರ ಬಾಳನ್ನು ನಿರೂಪಿಸುವ ಎರಡು ಕೃತಿಗಳು, ಎಂದರೆ ರಾಘವಾಂಕನ ‘ಸಿದ್ಧರಾಮ ಚಾರಿತ್ರ’ ಹಾಗೂ ‘ಶೂನ್ಯಸಂಪಾದನೆ’, ಈ ಪ್ರಶ್ನೆಯನ್ನು ಎರಡು ದಿಕ್ಕಿನಿಂದ ಎತ್ತಿಕೊಳ್ಳುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದಾಗ ಅರ್ಧ ಸತ್ಯವಷ್ಟೇ ದೊರೆಯುತ್ತದೆ. ಇಂದಿನ ಉಪದೇಶಕರ ಕೊರತೆಯೂ ಇಲ್ಲಿಯೇ ಇದೆ.

ಹಾಸನ ಜಿಲ್ಲೆಯ ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳ ಗುಡ್ಡಗಾಡಿನ ಬಾಳನ್ನು ಮುಂದಿಟ್ಟುಕೊಂಡು ಈ ವಿಚಾರವನ್ನು ಪರಿಶೀಲಿಸುವುದು ಯುಕ್ತವಾಗಿದೆ. ವೀರಶೈವ ಮನೆತನಗಳು ಅನೇಕ ತಲೆಮಾರುಗಳಿಂದ ಕಾಫಿ, ಏಲಕ್ಕಿ, ಮೆಣಸು, ಭತ್ತಗಳನ್ನು ನಂಬಿ ನೆಲೆಸಿರುವ ಪ್ರದೇಶವಿದು. ಹೇಮಾವತಿಯ ದಡದ ಸಕಲೇಶ್ವರನ ಹೆಸರನ್ನೇ ಊರು ಹೊತ್ತಿದೆ. ಇಲ್ಲಿ ಶಿವಭಕ್ತಿಗೆ ಕೊರತೆಯಿಲ್ಲ. ಆದರೆ ಚಿಂತೆಗೂ ಕೊರತೆಯಿಲ್ಲ. ಮಾರ್ಚ್–ಏಪ್ರಿಲ್ ತಿಂಗಳ ಹೂಮಳೆ ತಪ್ಪಿದರೆ ಆ ವರ್ಷದ ಕಾಫಿ ಫಸಲು ಹೋದಂತೆಯೇ ಸರಿ. ಹೂಮಳೆ ಬಂದರೂ ಮುಂಗಾರು ಮಿತಿಮೀರಿದರೆ ಕೊಳೆರೋಗ, ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ, ಹಣ್ಣು ಕೊಯ್ದು ಕಣದಲ್ಲಿ ಹರಡಿದ ಮೇಲೆ ಅಕಾಲದ ಮಳೆ. ಇವೆಲ್ಲವನ್ನೂ ದಾಟಿಬಂದ ಬೆಳೆಗೆ ಬೆಲೆಯನ್ನು ಗೊತ್ತುಮಾಡುವವರು ಲಂಡನ್ ಮತ್ತು ನ್ಯೂಯಾರ್ಕಿನ ಪೇಟೆಯವರು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು. ತೊಂಬತ್ತರ ದಶಕದ ಮಧ್ಯಭಾಗದಲ್ಲಿ ಕಾಫಿ ಮಂಡಳಿಯ ಸಂಗ್ರಹಣ ಪದ್ಧತಿ ಕೊನೆಗೊಂಡು ಬೆಳೆಗಾರನು ಮುಕ್ತ ಮಾರುಕಟ್ಟೆಗೆ ಬಂದನು. ಮೊದಮೊದಲು ದೊರೆತ ಒಳ್ಳೆಯ ಬೆಲೆ 2000ದ ನಂತರದ ಕೆಲವು ವರ್ಷಗಳಲ್ಲಿ ನೆಲ ಕಚ್ಚಿತು. 2024ರಲ್ಲಿ ಅದೇ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು. ಏರಿದಾಗ ಮಾರದೆ ಉಳಿದವನಿಗೂ ಇಳಿದಾಗ ಮಾರಿದವನಿಗೂ ನಿದ್ರೆ ಬಾರದು.

ಇದಕ್ಕೆ ಕಾಡಾನೆಗಳ ಭಯವೂ ಸೇರಿದೆ. ಉಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾದ ಆನೆ ಕಾರ್ಯಪಡೆಯು 2012ರಲ್ಲಿ ವರದಿ ಸಲ್ಲಿಸಿದ ತರುವಾಯ ಆಲೂರು–ಸಕಲೇಶಪುರ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ತೋಟಗಳಿಗೆ ಆನೆಗಳು ಮತ್ತೆ ಬಂದವು. ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನೆಂಬ ಆನೆ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಕಾದಾಡಿ ಮಡಿದುದು ನಾಡಿಗೆಲ್ಲ ತಿಳಿದ ಸಂಗತಿ. ಮುಂಜಾನೆ ಕೆಲಸಕ್ಕೆ ಹೊರಟ ಕೂಲಿಯಾಳು ಸಂಜೆ ಮನೆಗೆ ಮರಳುವನೆಂಬ ಭರವಸೆಯಿಲ್ಲದ ಊರುಗಳು ಇಲ್ಲಿವೆ. 2018ರ ಆಗಸ್ಟಿನ ಅತಿವೃಷ್ಟಿಯಲ್ಲಿ ಗುಡ್ಡಗಳೇ ಜರಿದು ಬಿದ್ದವು. ಅದಕ್ಕೂ ಹಿಂದೆ, 1979ರಲ್ಲಿ ಗೊರೂರಿನ ಅಣೆಕಟ್ಟು ಪೂರ್ಣವಾದಾಗ, ಹೇಮಾವತಿಯ ಹಿನ್ನೀರಿಗೆ ಊರು, ಗದ್ದೆ, ಗುಡಿಗಳನ್ನು ಒಪ್ಪಿಸಿ ಹೊರಟ ಕುಟುಂಬಗಳಿವೆ. ಹೀಗೆ ಈ ಸೀಮೆಯವರ ಮನಸ್ಸಿಗೆ ತಗಲುವ ಪೆಟ್ಟು ಬರಿಯ ಕಲ್ಪನೆಯಿಂದ ಹುಟ್ಟಿದುದಲ್ಲ. ಆದುದರಿಂದ ‘ನಿನ್ನ ಆಲೋಚನೆಯನ್ನು ಬದಲಿಸಿಕೊ’ ಎಂಬ ಬೋಧೆಯು ಇವರ ಕಿವಿಗೆ ಅಪಹಾಸ್ಯದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಶರಣಸಾಹಿತ್ಯಕ್ಕೆ ಇಂಥವರಿಗೆ ಹೇಳುವ ಮಾತು ಬೇರೆ ಏನಾದರೂ ಉಂಟೆ? ಸಿದ್ಧರಾಮರ ಚರಿತೆಗೆ ಹೊರಳಬೇಕಾದುದು ಈ ಪ್ರಶ್ನೆಯೊಡನೆ.

ಹರಿಹರನ ಸೋದರಳಿಯನೂ ಷಟ್ಪದಿಯ ಕವಿಯೂ ಆದ ರಾಘವಾಂಕನು ಸಿದ್ಧರಾಮರ ಬಾಲ್ಯವನ್ನು ವರ್ಣಿಸುವ ಭಾಗ ಸುಪ್ರಸಿದ್ಧವಾದುದು. ಹೊಲದಲ್ಲಿದ್ದ ಮುಗ್ಧ ಬಾಲಕನೆದುರಿಗೆ ಮಲ್ಲಯ್ಯನು ಜಂಗಮನಾಗಿ ಬಂದು ಹಸಿವೆಂದು ಉಣಿಸನ್ನು ಬೇಡುತ್ತಾನೆ. ಬಾಲಕನು ಮನೆಗೆ ಓಡಿ ಮೊಸರು ಬುತ್ತಿ ತರುವಷ್ಟರಲ್ಲಿ ಮಲ್ಲಯ್ಯ ಅಲ್ಲಿಲ್ಲ. ಆತನನ್ನು ಕೂಗುತ್ತ, ಕಂಡಕಂಡವರನ್ನು ಕೇಳುತ್ತ, ಶ್ರೀಶೈಲದ ಯಾತ್ರಿಕರ ಬೆನ್ನುಹತ್ತಿ ನಡೆದ ಆ ಹುಡುಗನಿಗೆ ಅಲ್ಲಿಯೂ ತನ್ನ ಮಲ್ಲಯ್ಯ ಕಾಣಿಸುವುದಿಲ್ಲ. ಕೊನೆಗೆ ಕಮರಿಯ ಅಂಚಿಗೆ ಬಂದು, ಪ್ರಾಣವನ್ನೇ ಬಿಡಲು ನಿಂತಾಗ ಮಲ್ಲಿಕಾರ್ಜುನನು ಪ್ರತ್ಯಕ್ಷನಾಗಿ ಕೈ ಹಿಡಿಯುತ್ತಾನೆ. ಬಳಿಕ ಅವನನ್ನು ಶ್ರೀಶೈಲದಲ್ಲಿ ಉಳಿಸಿಕೊಳ್ಳದೆ ಸೊನ್ನಲಿಗೆಗೆ ಹಿಂದಿರುಗಿಸಿ, ಆ ಊರನ್ನೇ ಮತ್ತೊಂದು ಶ್ರೀಶೈಲವಾಗಿ ಮಾಡುವ ಕಾರ್ಯಕ್ಕೆ ನಿಯೋಜಿಸುತ್ತಾನೆ. ಕೆರೆ ತೋಡಿಸಿ, ಗುಡಿ ಕಟ್ಟಿಸಿ, ಬಂದವರಿಗೆ ಅನ್ನವಿಕ್ಕಿ ಸಿದ್ಧರಾಮರು ಬಾಳಿದರು.

ಈ ಪ್ರಸಂಗವನ್ನು ಭಕ್ತಿಯ ಅತಿಶಯಕ್ಕೆ ಉದಾಹರಣೆಯೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಅದರಲ್ಲಿ ಮನಸ್ಸಿನ ಸ್ವರೂಪದ ಬಗೆಗೆ ಮೂರು ಗಮನಾರ್ಹ ಅಂಶಗಳಿವೆ. ಮೊದಲನೆಯದಾಗಿ, ಬಾಲಕನಿಗೆ ನಂಬಿಕೆಯ ಕೊರತೆಯಿರಲಿಲ್ಲ. ನಂಬಿಕೆಯೇ ಅವನನ್ನು ಕಮರಿಯವರೆಗೆ ಕರೆತಂದಿತು. ಗಾಢವಾಗಿ ನಂಬಿದವನಿಗೆ ಅಗಲಿಕೆಯ ನೋವೂ ಗಾಢವಾದುದು. ದುಃಖಪಡುವವನನ್ನು ಕಂಡು ‘ಇವನಿಗೆ ಶ್ರದ್ಧೆ ಸಾಲದು’ ಎಂದು ತೀರ್ಪು ಕೊಡುವವರು ಈ ಕಾವ್ಯವನ್ನು ಸರಿಯಾಗಿ ಓದಿದವರಲ್ಲ. ಎರಡನೆಯದಾಗಿ, ಕಮರಿಯ ಅಂಚಿನಲ್ಲಿ ಬಾಲಕನು ತನ್ನ ಆಲೋಚನೆಯನ್ನು ತಾನೇ ತಿದ್ದಿಕೊಂಡು ಹಿಂದಿರುಗಲಿಲ್ಲ. ಹೊರಗಿನಿಂದ ಒಂದು ಕೈ ಬಂದು ಹಿಡಿಯಬೇಕಾಯಿತು. ಜಂಗಮತತ್ತ್ವದ ಅರ್ಥವೇ ಇದು. ಚೈತನ್ಯವು ನಡೆದಾಡುವ ರೂಪ ತಳೆದು ಬಾಗಿಲಿಗೆ ಬರಬೇಕು. ಮೂರನೆಯದಾಗಿ, ಆ ಬಾಲಕನಿಗೆ ದೊರೆತ ಗುರಿಯನ್ನು ಅವನು ತನ್ನ ನೆಮ್ಮದಿಗಾಗಿ ಆರಿಸಿಕೊಂಡವನಲ್ಲ. ಅದು ಅವನಿಗೆ ಒಪ್ಪಿಸಲ್ಪಟ್ಟುದು, ಮತ್ತು ಅದರ ಫಲ ಪರರಿಗೆ ಸಲ್ಲತಕ್ಕುದು. ಕೆರೆಯ ನೀರನ್ನು ಕುಡಿಯುವವರು ಊರವರು, ದನಕರುಗಳು, ದಾರಿಹೋಕರು. ತನ್ನ ನೋವಿನ ಕಡೆಗೇ ತಿರುಗಿದ್ದ ದೃಷ್ಟಿ ಅನ್ಯರ ಬಾಯಾರಿಕೆಯ ಕಡೆಗೆ ತಿರುಗಿದಾಗ ಬಾಲಕನು ಬದುಕಿಕೊಂಡನು.

ಇಷ್ಟಕ್ಕೆ ನಿಲ್ಲಿಸಿದರೆ ಇಂದಿನ ಉಪದೇಶಕರ ಮಾತು ಬಹುಮಟ್ಟಿಗೆ ಸರಿಯೆಂದೇ ತೋರುತ್ತದೆ. ಬಾಳಿಗೊಂದು ಗುರಿ ಬೇಕು, ಅದು ಉದಾತ್ತವಾಗಿರಬೇಕು ಎಂಬಷ್ಟನ್ನು ರಾಘವಾಂಕನೂ ಹೇಳುತ್ತಾನೆ. ಎರಡನೆಯ ಮಹಾಯುದ್ಧದ ಸೆರೆಶಿಬಿರಗಳಿಂದ ಬದುಕಿ ಬಂದ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ 1946ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಇದೇ ಬಗೆಯ ನಿಲುವಿದೆ. ಬಾಳಿಗೆ ಅರ್ಥವನ್ನು ಕಂಡವನು ಎಂಥ ಸಂಕಟವನ್ನೂ ತಾಳಬಲ್ಲನೆಂಬುದು ಅವರ ಪ್ರತಿಪಾದನೆ. ಆದರೆ ಶರಣಸಾಹಿತ್ಯವು ಇಲ್ಲಿಂದ ಮುಂದಕ್ಕೆ ಇನ್ನೊಂದು ಹೆಜ್ಜೆಯಿಡುತ್ತದೆ. ಉದಾತ್ತವಾದ ಗುರಿಯೇ ಮನಸ್ಸಿಗೆ ಸಂಕೋಲೆಯಾದರೆ ಗತಿಯೇನು ಎಂದು ‘ಶೂನ್ಯಸಂಪಾದನೆ’ ಕೇಳುತ್ತದೆ.

ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರಿಂದ ಮೊದಲುಗೊಂಡು ಗೂಳೂರು ಸಿದ್ಧವೀರಣಾಚಾರ್ಯರವರೆಗೆ ನಾಲ್ವರು ಸಂಕಲಿಸಿದ ಈ ಮಹಾಕೃತಿಯಲ್ಲಿ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬರುವ ಸನ್ನಿವೇಶ ನಾಟಕೀಯವಾಗಿದೆ. ಕೆರೆಯ ಕೆಲಸ ಭರದಿಂದ ಸಾಗಿದೆ. ಪ್ರಭುಗಳು ಬಂದು, ಮಣ್ಣು ಹೊರುವವರ ಒಡೆಯನಾದ ರಾಮನೆಲ್ಲಿ ಎಂಬರ್ಥದಲ್ಲಿ ಕೆಣಕಿ ಕೇಳುತ್ತಾರೆ. ಕೆಲಸಗಾರರು ಸಿಟ್ಟಿಗೆದ್ದು ಕಲ್ಲು ತೂರುತ್ತಾರೆ. ಸುದ್ದಿ ಕೇಳಿ ಬಂದ ಸಿದ್ಧರಾಮರೂ ಕೋಪಾವಿಷ್ಟರಾಗುತ್ತಾರೆ. ಪ್ರಭುಗಳ ಉದ್ದೇಶ ಅಲ್ಲಿಯೇ ಫಲಿಸಿತೆನ್ನಬೇಕು. ಲೋಕಕ್ಕೆ ನೀರನ್ನು ಕೊಡಹೊರಟವರಲ್ಲಿ ಒಂದು ಮಾತಿಗೆ ಬೆಂಕಿಯೇಳುವುದಾದರೆ ಆ ಕೆರೆ ಯಾರದು? ಮಲ್ಲಯ್ಯನು ಒಪ್ಪಿಸಿದ ಕಾರ್ಯ ಯಾವಾಗಲೋ ‘ನನ್ನ ಕೆರೆ, ನನ್ನ ಗುಡಿ, ನನ್ನ ಕೀರ್ತಿ’ ಎಂದು ಮಾರ್ಪಟ್ಟಿದೆ. ಬಳಿಕ ನಡೆಯುವ ದೀರ್ಘ ಸಂವಾದವು ಈ ‘ನನ್ನ’ ಎಂಬುದರ ಬೇರನ್ನು ಅರಸುವ ಸಂವಾದವಾಗಿದೆ. ಅಂತ್ಯದಲ್ಲಿ ಸಿದ್ಧರಾಮರು ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆಯುತ್ತಾರೆ.

ಕಾಫಿಯ ಗುಡ್ಡಗಳಿಗೆ ಈ ಎರಡನೆಯ ಪಾಠ ಹೆಚ್ಚು ಅವಶ್ಯವಾದುದು. ಬೆಳೆಗಾರನಿಗೆ ಗುರಿಯಿಲ್ಲವೆಂದು ಯಾರೂ ಹೇಳರು. ಅಜ್ಜ ಕಾಡು ಸವರಿ ನೆಟ್ಟ ತೋಟವನ್ನು ಉಳಿಸಬೇಕು, ಮರಗಸಿ ಕಾಲಕ್ಕೆ ಸರಿಯಾಗಿ ಆಗಬೇಕು, ಬ್ಯಾಂಕಿನ ಸಾಲ ತೀರಬೇಕು, ಮಕ್ಕಳ ಓದು ನಡೆಯಬೇಕು. ಇವೆಲ್ಲ ನ್ಯಾಯವಾದ ಗುರಿಗಳೇ. ಆದರೆ ತೋಟವೇ ತಾನು ಎಂಬ ಭಾವ ಬಲಿತಾಗ, ಒಂದು ರಾತ್ರಿ ಆನೆಗಳು ನುಗ್ಗಿ ತುಳಿದ ಗಿಡಗಳೊಡನೆ ಮನುಷ್ಯನೂ ಮುರಿದುಬೀಳುತ್ತಾನೆ. ಬೆಲೆ ಇಳಿದ ವರ್ಷ ತನ್ನ ಮಾನವೂ ಇಳಿಯಿತೆಂದು ಭಾವಿಸಿ ಮದುವೆ, ಜಾತ್ರೆ, ಬಂಧುಗಳ ಮನೆ ಎಲ್ಲವನ್ನೂ ತೊರೆದು ಒಳಗೇ ಕುಳಿತುಬಿಡುತ್ತಾನೆ. ಇಲ್ಲಿ ಕಳೆದುಹೋದುದು ಫಸಲು. ಆದರೆ ಅಳಿದಂತೆ ಭಾಸವಾಗುವುದು ಬಾಳೇ. ಇವೆರಡರ ನಡುವಣ ಅಂತರವನ್ನು ಕಾಣಿಸುವುದೇ ಪ್ರಭುಗಳ ಕೆಣಕುಮಾತಿನ ಪ್ರಯೋಜನ. ‘ಇನ್ನೂ ದೊಡ್ಡ ಗುರಿಯನ್ನಿಟ್ಟುಕೊ’ ಎಂಬ ಇಂದಿನ ಹುರಿದುಂಬಿಕೆಯ ಮಾತಿಗೂ ಶರಣರ ಮಾತಿಗೂ ಇರುವ ಭೇದ ಇದರಿಂದ ವ್ಯಕ್ತವಾಗುತ್ತದೆ. ಶರಣರು ಗುರಿಯನ್ನು ಹಿಗ್ಗಿಸಲು ಹೇಳಲಿಲ್ಲ, ಗುರಿಗೆ ಅಂಟಿದ ಅಹಂಭಾವವನ್ನು ಬಿಡಿಸಲು ಹೇಳಿದರು.

ಹಾಗಾದರೆ ಕೆರೆಗಳನ್ನು ತೋಡಿಸುವುದು ವ್ಯರ್ಥವೆಂದು ಪ್ರಭುಗಳ ಅಭಿಪ್ರಾಯವೆ? ಕೆಲವು ವಿದ್ವಾಂಸರು ಈ ಪ್ರಸಂಗವನ್ನು ಕರ್ಮಕ್ಕಿಂತ ಜ್ಞಾನವು ಮೇಲೆಂಬುದರ ಪ್ರತಿಪಾದನೆಯಾಗಿ ಗ್ರಹಿಸಿದ್ದಾರೆ. ಅದು ಸಮಗ್ರ ಗ್ರಹಿಕೆಯಲ್ಲ. ಅದೇ ಕೃತಿಯಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗವೂ ಇದೆ. ಪ್ರಭುಗಳ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತ ಪತಿಗೆ ಲಕ್ಕಮ್ಮ ಕಾಯಕದ ವೇಳೆಯನ್ನು ನೆನಪಿಸುತ್ತಾಳೆ. ಆತನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಮರಳಿ ಸುರಿದುಬರಲು ಹೇಳುತ್ತಾಳೆ. ಕಾಯಕವನ್ನು ಬಿಡಕೂಡದು, ಕಾಯಕದ ನೆಪದಲ್ಲಿ ಆಸೆಯನ್ನು ಬೆಳೆಯಗೊಡಕೂಡದು ಎಂಬ ಎರಡು ನಿಯಮಗಳನ್ನು ಆಕೆ ಒಂದೇ ಮನೆಯಲ್ಲಿ ಕಾಪಾಡಿದಳು. ಸಿದ್ಧರಾಮರ ಪ್ರಸಂಗವನ್ನು ಲಕ್ಕಮ್ಮನ ಪ್ರಸಂಗದೊಡನೆ ಓದಿದಾಗ ಪ್ರಭುಗಳ ಟೀಕೆ ಕೆರೆಯ ಮೇಲಿನದಲ್ಲ, ಕೆರೆಯ ಮೇಲೆ ಬರೆದುಕೊಂಡ ಹೆಸರಿನ ಮೇಲಿನದು ಎಂಬುದು ಸಿದ್ಧವಾಗುತ್ತದೆ. ಇಂದಿಗೂ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿ ಕೆರೆಯ ನಡುವೆಯೇ ನಿಂತಿದೆ.

ಇಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ತೋಟದ ಲೈನ್ ಮನೆಗಳಲ್ಲಿ ಬಾಳುವ ಕಾರ್ಮಿಕರಿಗೆ ‘ಕಾಯಕವೇ ಕೈಲಾಸ, ಆದುದರಿಂದ ಇದ್ದುದರಲ್ಲಿ ತೃಪ್ತನಾಗು’ ಎಂದು ಬೋಧಿಸುವುದು ಕಾಯಕತತ್ತ್ವದ ವಿಪರೀತಾರ್ಥವಾಗಿದೆ. ಲಕ್ಕಮ್ಮನು ಮಿತಿಯನ್ನು ವಿಧಿಸಿದುದು ತನಗೆ ಮತ್ತು ತನ್ನ ಪತಿಗೆ, ಬೇರೆಯವರ ಕೂಲಿಗೆ ಅಲ್ಲ. ದುಡಿಮೆಯ ಫಲ ದಾಸೋಹವಾಗಿ ಹರಿಯದೆ ಒಂದೆಡೆಯಲ್ಲಿಯೇ ನಿಂತಾಗ ಅದು ಕಾಯಕವೆನಿಸದು. ಆನೆಯ ಭಯವನ್ನು ಮೊದಲು ಎದುರಿಸುವವನು ನಸುಕಿನಲ್ಲಿ ಕಾಲ್ನಡಿಗೆಯಲ್ಲಿ ಬರುವ ಕೂಲಿಯಾಳು. ಅವನ ಮನಸ್ಸಿನ ಸ್ವಾಸ್ಥ್ಯಕ್ಕೆ ಪ್ರವಚನಕ್ಕಿಂತ ಮೊದಲು ಬೇಕಾದುದು ಸುರಕ್ಷಿತವಾದ ದಾರಿ, ಕಾಲಕ್ಕೆ ಸಲ್ಲುವ ಕೂಲಿ, ಸೋರದ ಸೂರು.

ಈ ಎಲ್ಲ ವಿಚಾರಗಳನ್ನು ಷಟ್‌ಸ್ಥಲ ಸಿದ್ಧಾಂತವು ಒಂದು ಕ್ರಮದಲ್ಲಿ ಜೋಡಿಸಿದೆ. ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಅನುಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬ ಆರು ಭಕ್ತಿಗಳನ್ನು ಹೇಳಿದೆ. ಈ ಪಟ್ಟಿಯನ್ನು ಕಂಠಪಾಠ ಮಾಡಿದವರು ಹಲವರು, ಅದರ ಕ್ರಮದ ಮಹತ್ವವನ್ನು ಆಲೋಚಿಸಿದವರು ವಿರಳ. ಆನಂದವು ಇಲ್ಲಿ ಐದನೆಯದು. ಅದು ಮೊದಲನೆಯದಲ್ಲ, ಕೊನೆಯದೂ ಅಲ್ಲ. ನೆಮ್ಮದಿಗಾಗಿ ನಂಬಿಕೆಯನ್ನು ಹುಡುಕಿ ಹೊರಟವನು ಐದನೆಯ ಮೆಟ್ಟಿಲನ್ನು ಮೊದಲು ಏರಲು ಯತ್ನಿಸಿದಂತೆ. ಹಾಗೆ ಏರಿದವನಿಗೆ ಕಾಲೂರಲು ಕೆಳಗೆ ನೆಲವಿಲ್ಲ.

ಶ್ರದ್ಧೆಯೆಂದರೆ ಲಾಭವನ್ನು ಎಣಿಸದೆ ಒಪ್ಪಿಕೊಂಡ ವಿಶ್ವಾಸ. ನಿಷ್ಠೆಯೆಂದರೆ ಆ ವಿಶ್ವಾಸ ನಡತೆಯಲ್ಲಿ ಗಟ್ಟಿಯಾಗುವುದು. ಮನಸ್ಸಿಗೆ ಇಚ್ಛೆಯಿಲ್ಲದ ದಿನವೂ ಲಿಂಗಪೂಜೆ ತಪ್ಪದು, ಮನೆಯ ಕೆಲಸ ನಿಲ್ಲದು. ಖಿನ್ನನಾದವನಿಗೆ ಈ ದಿನಚರಿಯೇ ಊರುಗೋಲಾಗುವುದನ್ನು ಬಲ್ಲವರು ಬಲ್ಲರು. ಮೂರನೆಯದಾದ ಅವಧಾನ ಪ್ರಸಾದಿಯ ಲಕ್ಷಣ. ಬಂದುದನ್ನು ಎಚ್ಚರದಿಂದ, ಅರ್ಪಿಸಿ, ಸ್ವೀಕರಿಸುವುದು ಅದರ ತಿರುಳು. ಗುಡ್ಡಗಳಲ್ಲಿ ಎಲ್ಲರಿಗೂ ಒಂದು ಬಗೆಯ ಎಚ್ಚರವಿದೆ. ಅರಣ್ಯ ಇಲಾಖೆಯಿಂದ ಆನೆಗಳಿರುವ ಜಾಗದ ಸಂದೇಶ ಬಂದೊಡನೆ ಕಿವಿ ನಿಮಿರುತ್ತದೆ, ರೆಂಬೆ ಮುರಿದ ಸಪ್ಪಳಕ್ಕೆ ಎದೆ ಹಾರುತ್ತದೆ. ಅದು ಭಯದ ಎಚ್ಚರ, ಅವಶ್ಯವಾದುದೂ ಹೌದು. ಅವಧಾನವೆಂಬುದು ಭಯ ಕಳೆದ ಮೇಲೂ ಉಳಿಯುವ ಎಚ್ಚರ: ಇಂದು ಏನು ಬಂದಿದೆ, ಏನು ಹೋಗಿದೆ, ಇರುವುದರಲ್ಲಿ ಯಾರಿಗೆ ಏನು ಸಲ್ಲಬೇಕು ಎಂಬ ನಿಚ್ಚಳವಾದ ನೋಟ. ಈ ಮೂರು ಹದವಾದ ಬಳಿಕವೇ ಅನುಭಾವ, ಆ ಬಳಿಕವೇ ಆನಂದ. ಸಿದ್ಧರಾಮರ ಬಾಳಿನ ಎರಡು ಘಟ್ಟಗಳೂ ಇದಕ್ಕೆ ಅನುಗುಣವಾಗಿವೆ. ರಾಘವಾಂಕನಲ್ಲಿ ಅವರು ಶ್ರದ್ಧೆಯಿಂದ ನಿಷ್ಠೆಗೆ ನಡೆದವರು. ‘ಶೂನ್ಯಸಂಪಾದನೆ’ಯಲ್ಲಿ ನಿಷ್ಠೆ ಹಟವಾಗದಂತೆ ಅವಧಾನಕ್ಕೆ, ಅನುಭಾವಕ್ಕೆ ಕರೆದೊಯ್ಯಲ್ಪಟ್ಟವರು.

ಪ್ರಸಾದವೆಂದು ಸ್ವೀಕರಿಸುವುದು ವಿಧಿಗೆ ಶರಣಾಗುವುದಲ್ಲವೆ ಎಂಬ ಆಕ್ಷೇಪ ಸಹಜ. ಬೆಳೆನಷ್ಟಕ್ಕೆ ಪರಿಹಾರ ಕೇಳುವುದು, ಆನೆಗಳ ಸಮಸ್ಯೆಗೆ ಸರ್ಕಾರವನ್ನು ಒತ್ತಾಯಿಸುವುದು ಪ್ರಸಾದಭಾವಕ್ಕೆ ವಿರುದ್ಧವೆಂದು ತಿಳಿಯುವುದು ತಪ್ಪು. ಹನ್ನೆರಡನೆಯ ಶತಮಾನದ ಶರಣರು ಲೋಕದ ಅನ್ಯಾಯವನ್ನು ಸಹಿಸಿ ಕುಳಿತವರಲ್ಲ. ನಷ್ಟವನ್ನು ನಷ್ಟವೆಂದೇ ಹೇಳಿ, ಅದರಿಂದ ತನ್ನ ಮೌಲ್ಯ ಕುಗ್ಗಿತೆಂದು ಭಾವಿಸದಿರುವುದು ಪ್ರಸಾದಿಯ ಧೈರ್ಯ.

ಇನ್ನೊಂದು ಆಕ್ಷೇಪ ಹೆಚ್ಚು ಗುರುತರವಾದುದು. ಮನಸ್ಸಿನ ಕಾಯಿಲೆಯನ್ನು ಶ್ರದ್ಧೆಯಿಂದ ವಾಸಿಮಾಡಬಹುದೆ? ಜ್ವರ ಬಂದವನನ್ನು ವೈದ್ಯರಲ್ಲಿಗೆ ಕರೆದೊಯ್ಯುವ ಕುಟುಂಬವು, ತಿಂಗಳುಗಟ್ಟಲೆ ನಿದ್ರೆಯಿಲ್ಲದೆ, ಊಟ ಸೇರದೆ, ಸಾವಿನ ಮಾತಾಡುವವನನ್ನು ಮಾತ್ರ ಹರಕೆಗೂ ಪ್ರವಚನಕ್ಕೂ ಒಪ್ಪಿಸಿ ಕೂರುವುದುಂಟು. ಇದು ಧರ್ಮವಲ್ಲ. ನಿಮ್ಹಾನ್ಸ್ ಸಂಸ್ಥೆಯು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು, ಗ್ರಾಮಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೇ ಮನೋರೋಗಗಳಿಗೆ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. ಅದೇ ಮಾದರಿ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಮಾತಾಡಬಹುದಾಗಿದೆ. ಕಮರಿಯ ಅಂಚಿನಲ್ಲಿ ಬಾಲಕನ ಕೈ ಹಿಡಿದ ಮಲ್ಲಯ್ಯನು ಇಂದು ವೈದ್ಯನ ರೂಪದಲ್ಲಿ, ನೆರೆಮನೆಯವನ ರೂಪದಲ್ಲಿ ಬಂದರೆ ಆತನನ್ನು ಜಂಗಮನೆಂದೇ ಬರಮಾಡಿಕೊಳ್ಳಬೇಕು. ವೈದ್ಯನು ಕಾಯಿಲೆಯನ್ನು ಇಳಿಸಬಲ್ಲನು. ಇಳಿದ ಮೇಲೆ ಏತಕ್ಕಾಗಿ ಬಾಳಬೇಕೆಂಬ ಪ್ರಶ್ನೆಗೆ ಉತ್ತರವನ್ನು ಶ್ರದ್ಧೆಯೂ ಸತ್ಸಂಗವೂ ಒದಗಿಸಬೇಕು. ಒಂದರ ಸ್ಥಾನವನ್ನು ಇನ್ನೊಂದು ತುಂಬಲಾರದು.

ಆದುದರಿಂದ ಸಿದ್ಧರಾಮರ ಚರಿತೆಯನ್ನು ವಿವರಿಸುವವರು ಕಮರಿಯ ಪ್ರಸಂಗವನ್ನೂ ಪ್ರಭುಗಳ ಕೆಣಕುಮಾತನ್ನೂ ಒಟ್ಟಿಗೆ ಹೇಳಬೇಕಾಗಿದೆ. ಮೊದಲನೆಯದನ್ನು ಮಾತ್ರ ಹೇಳಿದರೆ ಗುರಿಯ ಗರ್ವವನ್ನು ಬೆಳೆಸಿದಂತಾಗುತ್ತದೆ. ಎರಡನೆಯದನ್ನು ಮಾತ್ರ ಹೇಳಿದರೆ ದುಡಿಯುವವನ ಉತ್ಸಾಹವನ್ನು ಮುರಿದಂತಾಗುತ್ತದೆ. ಆಲೂರು, ಸಕಲೇಶಪುರಗಳ ಊರುಗಳಲ್ಲಿ ನಡೆಯುವ ಗೋಷ್ಠಿಗಳು ವಚನಗಳನ್ನು ಹಾಡಿ ಮುಗಿಸುವುದಕ್ಕೆ ಬದಲಾಗಿ, ಈ ವರ್ಷ ಯಾರ ಮನೆಯಲ್ಲಿ ದೀಪ ಬೇಗನೆ ಆರುತ್ತಿದೆ, ಯಾರು ಸಭೆಗೆ ಬರುವುದನ್ನು ಬಿಟ್ಟಿದ್ದಾರೆ ಎಂದು ವಿಚಾರಿಸಿ ಅಲ್ಲಿಗೆ ನಡೆದುಹೋಗುವ ಸಂಪ್ರದಾಯವನ್ನು ಕೈಗೊಂಡರೆ ಶಿವಾನುಭವವೆಂಬ ಹೆಸರು ಸಾರ್ಥಕವಾಗುತ್ತದೆ.